ಶಿಬಿರ ಕಟ್ಟಿದ ಹಣ, ಶಿಬಿರ ಉಳಿಸಿದ ಹಣ

1919ರ ಏಪ್ರಿಲ್ 17, ಗುರುವಾರ. ಈಸ್ಟರ್ ಹಬ್ಬಕ್ಕೆ ಇನ್ನು ಮೂರು ದಿನ. ಲಂಡನ್ನಿನ ಈಸ್ಟ್ ಎಂಡ್ ಬಡಾವಣೆಯ ಒಂದಿಷ್ಟು ತರುಣರು ನಗರದ ಈಶಾನ್ಯ ಅಂಚಿನಲ್ಲಿರುವ ಎಪ್ಪಿಂಗ್ ಕಾಡಿನ ಪಕ್ಕದ ಹಳೆಯ ಎಸ್ಟೇಟೊಂದಕ್ಕೆ ಬಂದಿಳಿದರು. ಹಬ್ಬದ ರಜೆಯನ್ನು ಅಲ್ಲಿ ಕಳೆ ಕೀಳುವುದರಲ್ಲಿ, ಮುರಿದದ್ದನ್ನು ಸರಿಪಡಿಸುವುದರಲ್ಲಿ ಕಳೆಯಬೇಕೆಂದು ಅವರು ನಿಶ್ಚಯಿಸಿದ್ದರು. ಆದರೆ ನೆಲ ಎಷ್ಟು ತೊಯ್ದಿತ್ತೆಂದರೆ ಡೇರೆ ಹೂಡಲು ಒಣಗಿದ ಒಂದು ಮೂಲೆಯೂ ಸಿಗಲಿಲ್ಲ. ಕೊನೆಗೆ ಎಸ್ಟೇಟಿನ ಒಂದು ಹಳೆಯ ಶೆಡ್ಡಿನಲ್ಲೇ ರಾತ್ರಿ ಕಳೆದರು. ಅದಕ್ಕೆ ಅವರು ಇಟ್ಟ ಹೆಸರು 'ಹಂದಿಗೂಡು'.

ಆ ಎಸ್ಟೇಟೇ ಗಿಲ್ವೆಲ್ ಪಾರ್ಕ್. ಮುಂದೆ ಅದು ಜಗತ್ತಿನ ಸ್ಕೌಟ್ ಚಳವಳಿಯ ಅತ್ಯಂತ ಪ್ರಸಿದ್ಧ ಶಿಬಿರ ತಾಣವಾಯಿತು. ಸ್ಕೌಟ್ ಚಳವಳಿಯ ಸಂಸ್ಥಾಪಕ ಬೇಡನ್ ಪೊವೆಲ್ ಅವರಿಗೆ 1929ರಲ್ಲಿ ಬ್ರಿಟನ್ನಿನ ಲಾರ್ಡ್ ಪದವಿ ಬಂದಾಗ ತಮ್ಮ ಬಿರುದಿನೊಂದಿಗೆ ಸೇರಿಸಿಕೊಂಡದ್ದು ಇದೇ ಊರಿನ ಹೆಸರನ್ನು. ಹೀಗೆ ಅವರು 'ಗಿಲ್ವೆಲ್‌ನ ಬೇಡನ್ ಪೊವೆಲ್' ಆದರು.

ಗಿಲ್ವೆಲ್ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿ ನಡೆದ ತರಬೇತಿಯ ಬಗ್ಗೆ ಹೇಳುತ್ತಾರೆ. ಆ ಕತೆಗೆ ಇನ್ನೊಂದು ಮಗ್ಗುಲಿದೆ. ಹಾಳು ಬಿದ್ದ ಜಾಗವೊಂದನ್ನು ಮಕ್ಕಳ ಶಿಬಿರವಾಗಿಸಲು ಹಣ ಎಲ್ಲಿಂದ ಬಂತು, ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬುದು ಅದು. ಹಳೆಯ ಶಿಬಿರಗಳ ದುರಸ್ತಿಗೆ ಇಂದು ಹಣ ಕೂಡಿಸಲು ಹೊರಟವರಿಗೆ ಈ ಲೆಕ್ಕದಲ್ಲಿ ಪಾಠವಿದೆ.

ಏಳು ಸಾವಿರ ಮತ್ತು ಮೂರು ಸಾವಿರ

ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಹುಡುಗರೊಂದಿಗೆ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಎರಡೇ ವರ್ಷದಲ್ಲಿ ಅದು ಬೆಂಗಳೂರಿಗೂ ಬಂತು. 1909ರಲ್ಲಿ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಆರಂಭಿಸಿದ ದಳವನ್ನು ಭಾರತದ ಮೊದಲ ಸ್ಕೌಟ್ ದಳವೆಂದು ಗುರುತಿಸಲಾಗುತ್ತದೆ.

ಈ ಚಳವಳಿಯ ಜೀವಾಳವೇ ಬಯಲು. ಒಲೆ ಹೂಡಿ ಅಡುಗೆ ಮಾಡುವುದು, ಹಗ್ಗದ ಗಂಟು ಹಾಕುವುದು, ಹೆಜ್ಜೆ ಗುರುತು ಹಿಡಿದು ದಾರಿ ಹುಡುಕುವುದು, ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡುವುದು, ಇವೆಲ್ಲಕ್ಕೂ ಜಾಗ ಬೇಕು. ಹಡಗುಕಟ್ಟೆಯ ಕೂಲಿಕಾರರು, ಸಣ್ಣ ಕಸುಬುದಾರರು ಒತ್ತೊತ್ತಾಗಿ ಬದುಕುತ್ತಿದ್ದ ಈಸ್ಟ್ ಎಂಡ್‌ನ ಹುಡುಗರಿಗೆ ಅದೊಂದೇ ಇರಲಿಲ್ಲ. ಅವರ ಪಾಲಿಗೆ ಬೀದಿಯೇ ಅಂಗಳವಾಗಿತ್ತು.

ಇದನ್ನು ಕಂಡು ಮರುಗಿದವರು ವಿಲಿಯಂ ಡಿ ಬೋಯಿಸ್ ಮ್ಯಾಕ್ಲಾರೆನ್. ಅವರು ಸ್ಕಾಟ್ಲೆಂಡಿನವರು, ತಮ್ಮ ಊರಿನಲ್ಲಿ ಸ್ಕೌಟ್ ಜಿಲ್ಲಾ ಕಮಿಷನರ್ ಆಗಿದ್ದರು. ಲಂಡನ್ನಿಗೆ ಬಂದಿದ್ದಾಗ ಈಸ್ಟ್ ಎಂಡ್ ಹುಡುಗರ ಪಾಡು ಅವರ ಕಣ್ಣಿಗೆ ಬಿದ್ದಿತ್ತು. 1918ರ ನವೆಂಬರ್‌ನಲ್ಲಿ, ಮೊದಲ ಮಹಾಯುದ್ಧ ಮುಗಿದ ಸುಮಾರಿಗೆ, ಆ ಹುಡುಗರಿಗಾಗಿ ಒಂದು ಶಿಬಿರದ ಜಾಗ ಕೊಂಡುಕೊಡುವುದಾಗಿ ಬೇಡನ್ ಪೊವೆಲ್ ಅವರಿಗೆ ಮಾತು ಕೊಟ್ಟರು.

ಜಾಗ ಹುಡುಕುವ ಹೊಣೆ ಈಸ್ಟ್ ಎಂಡ್ ಸ್ಕೌಟ್ ಮುಖಂಡ ಪಿ.ಬಿ. ನೆವಿಲ್ ಅವರ ಹೆಗಲೇರಿತು. ಹೈನಾಲ್ಟ್, ಎಪ್ಪಿಂಗ್ ಕಾಡುಗಳ ಸುತ್ತ ಅಲೆದರೂ ತಕ್ಕ ಜಾಗ ಸಿಗಲಿಲ್ಲ. ಆಗ ಗೇಫರ್ ಎಂಬ ಯುವ ಸಹಾಯಕ ಸ್ಕೌಟ್ ಮಾಸ್ತರ್, ತಾನು ಹಕ್ಕಿ ನೋಡಲು ಹೋಗುತ್ತಿದ್ದ ಗಿಲ್ವೆಲ್ ಹಾಲ್ ಎಂಬ ಪಾಳುಬಿದ್ದ ಬಂಗಲೆಯ ಸಂಗತಿ ತಿಳಿಸಿದ. ಹೋಗಿ ನೋಡಿದರೆ 53 ಎಕರೆಯ ಆ ಎಸ್ಟೇಟ್ ಮಾರಾಟಕ್ಕಿತ್ತು. ಬೆಲೆ 7,000 ಪೌಂಡ್. ಮ್ಯಾಕ್ಲಾರೆನ್ ಅಷ್ಟನ್ನೂ ಕೊಟ್ಟರು.

ಸಾಮಾನ್ಯ ದಾನಿಯ ಕತೆಯಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಫಲಕ ಅನಾವರಣಗೊಂಡು, ಹಾರ ತುರಾಯಿಗಳಾಗಿ, ದಾನಿ ಊರಿಗೆ ಮರಳುತ್ತಿದ್ದರು. ಮ್ಯಾಕ್ಲಾರೆನ್ ಹಾಗೆ ಮಾಡಲಿಲ್ಲ. ತಾವು ಕೊಂಡ ಮನೆಯ ದುಃಸ್ಥಿತಿ ನೋಡಿ ಪೆಚ್ಚಾದರೂ ಅದರ ರಿಪೇರಿಗೆಂದೇ ಮತ್ತೆ 3,000 ಪೌಂಡ್ ಕೊಟ್ಟರು. ಅಂದರೆ ಅವರು ಕೊಟ್ಟ ಪ್ರತಿ ಹತ್ತು ಪೌಂಡಿನಲ್ಲಿ ಏಳು ಪೌಂಡ್ ಜಾಗಕ್ಕೆ, ಮೂರು ಪೌಂಡ್ ದುರಸ್ತಿಗೆ. ಈ ಎರಡನೆಯ ಮೊತ್ತ ಇಲ್ಲದಿದ್ದರೆ ಮೊದಲನೆಯದು ಹಾಳು ಮನೆಯೊಂದರ ಕ್ರಯಪತ್ರವಾಗಿ ಉಳಿಯುತ್ತಿತ್ತು.

ಮನೆ ಹಾಳಾದದ್ದು ಹೇಗೆ?

ಗಿಲ್ವೆಲ್ ಬಂಗಲೆ ಒಂದೇ ದಿನದಲ್ಲಿ ಹಾಳಾದದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದರ ಒಡೆಯನಾಗಿದ್ದ ವಿಲಿಯಂ ಚಿನ್ನರಿ ಬ್ರಿಟಿಷ್ ಖಜಾನೆಯ ಹಿರಿಯ ಗುಮಾಸ್ತ. ಆತನ ಪತ್ನಿ ಮಾರ್ಗರೆಟ್ ಕಾಲದಲ್ಲಿ ಮನೆ, ತೋಟ ಎರಡೂ ಮೆರೆದವು. ಆ ಮೆರುಗಿನ ಹಿಂದೆ ಸರ್ಕಾರದ ಹಣ ಇತ್ತೆಂಬುದು 1812ರಲ್ಲಿ ಬಯಲಾಯಿತು. ಚಿನ್ನರಿ ಕೆಲಸ ಕಳೆದುಕೊಂಡ, ಮನೆಯೂ ಕೈಬಿಟ್ಟಿತು. ನಂತರ ಬಂದ ಇನ್ನೊಬ್ಬ ಒಡೆಯ, ಲಂಡನ್ನಿನ ಹಳೆಯ ಸೇತುವೆಯ ಕಲ್ಲಿನ ಕಟಾಂಜನದ ಭಾಗಗಳನ್ನು ತಂದು ಹುಲ್ಲುಹಾಸಿನ ಅಂಚಿಗೆ ನಿಲ್ಲಿಸಿದ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಒಡೆತನ ಕೈಯಿಂದ ಕೈಗೆ ಸಾಗಿ, ಅಷ್ಟು ದೊಡ್ಡ ಮನೆಯನ್ನು ನೋಡಿಕೊಳ್ಳುವ ಶಕ್ತಿ ಯಾರಿಗೂ ಇಲ್ಲದೆ ಅದು ಸೊರಗಿತು.

ದೊಡ್ಡ ಕಟ್ಟಡಗಳು ಬೀಳುವುದು ಹೀಗೆಯೇ. ಮಲೆನಾಡಿನ ಹಳೆಯ ಹೆಂಚಿನ ಮನೆಗಳಲ್ಲಿ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಪ್ರತಿ ವರ್ಷದ ಕೆಲಸ. ಒಂದು ವರ್ಷ ತಪ್ಪಿಸಿದರೆ ನಷ್ಟ ಕೆಲವು ಒಡೆದ ಹೆಂಚು ಮಾತ್ರ. ನಾಲ್ಕು ವರ್ಷ ತಪ್ಪಿಸಿದರೆ ರೀಪು ಕೊಳೆಯುತ್ತದೆ. ಹತ್ತು ವರ್ಷ ತಪ್ಪಿಸಿದರೆ ತೊಲೆಗೆ ನೀರಿಳಿದು ಗೋಡೆಯೇ ಕೂರುತ್ತದೆ. ನೂರು ರೂಪಾಯಿಯ ಕೆಲಸ ಲಕ್ಷದ ಕೆಲಸವಾಗುವುದಕ್ಕೆ ಯಾರೂ ತಪ್ಪು ಮಾಡಬೇಕಾಗಿಲ್ಲ, ಏನೂ ಮಾಡದಿದ್ದರೆ ಸಾಕು.

ಶಿಬಿರ ತಾಣಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಮನೆಯಲ್ಲಿ ವರ್ಷವಿಡೀ ಜನರಿರುತ್ತಾರೆ. ಸೋರಿದರೆ ಅಂದೇ ಗೊತ್ತಾಗುತ್ತದೆ. ಬೇಸಿಗೆ ಶಿಬಿರದಲ್ಲಿ ಮಕ್ಕಳಿರುವುದು ಒಂದೆರಡು ತಿಂಗಳು, ಸೋರುವುದು ಉಳಿದ ತಿಂಗಳುಗಳಲ್ಲಿ. ಆದಾಯವೂ ಅಷ್ಟೇ, ಒಂದೆರಡು ತಿಂಗಳಿನದು. ಕಾವಲುಗಾರನ ಸಂಬಳ, ತೆರಿಗೆ, ವಿದ್ಯುತ್, ವಿಮೆ ಮಾತ್ರ ಹನ್ನೆರಡು ತಿಂಗಳೂ ಬರುತ್ತವೆ. ಶುಲ್ಕ ಏರಿಸಿದರೆ ಯಾವ ಮಕ್ಕಳಿಗಾಗಿ ಶಿಬಿರ ಕಟ್ಟಿದ್ದೋ ಅವರೇ ಹೊರಗುಳಿಯುತ್ತಾರೆ. ಆದ್ದರಿಂದ ಬಹುತೇಕ ಶಿಬಿರಗಳು ಮಾಡುವುದು ಒಂದೇ ಉಪಾಯ. ಅದು ದುರಸ್ತಿಯನ್ನು ಮುಂದಿನ ವರ್ಷಕ್ಕೆ ತಳ್ಳುವುದು.

ಇದರ ಜೊತೆಗೆ ಕಾಲವೂ ಬದಲಾಗುತ್ತದೆ. ಐವತ್ತು ವರ್ಷದ ಹಿಂದೆ ಸರಿಯೆನಿಸಿದ್ದ ವಿದ್ಯುತ್ ತಂತಿ, ಶೌಚಾಲಯ, ಅಡುಗೆಮನೆ ಇಂದಿನ ಸುರಕ್ಷತೆಯ ನಿಯಮಕ್ಕೆ ಹೊಂದುವುದಿಲ್ಲ. ಗಾಲಿಕುರ್ಚಿಯಲ್ಲಿ ಬರುವ ಮಗುವಿಗೆ ಮೆಟ್ಟಿಲೇ ಅಡ್ಡಿ. ಬೆಂಕಿ ಬಿದ್ದರೆ ಹೊರಬರಲು ಎರಡನೆಯ ಬಾಗಿಲು ಬೇಕು. ಹೀಗಾಗಿ ಹಳೆಯ ಶಿಬಿರದ ದುರಸ್ತಿ ಎಂದರೆ ಇದ್ದದ್ದನ್ನು ಇದ್ದ ಹಾಗೆ ಮಾಡುವುದಷ್ಟೇ ಅಲ್ಲ, ಇಲ್ಲದ್ದನ್ನು ಸೇರಿಸುವುದೂ ಹೌದು.

ಶಾಸನಕಾರರು ತಿಳಿದಿದ್ದ ಗುಟ್ಟು

ಹೊಸ ಕಟ್ಟಡಕ್ಕೆ ಹಣ ಕೊಡುವವರು ಸಿಗುತ್ತಾರೆ, ಹಳೆಯದರ ರಿಪೇರಿಗೆ ಸಿಗುವುದಿಲ್ಲ ಎಂಬುದು ನಿಧಿ ಸಂಗ್ರಹಕ್ಕೆ ಇಳಿದವರೆಲ್ಲರ ಅನುಭವ. ಸಭಾಭವನದ ಮೇಲೆ ಹೆಸರು ಕೆತ್ತಿಸಬಹುದು. ಮಲಗುಂಡಿಯ ಮೇಲೆ ಯಾರು ಹೆಸರು ಕೆತ್ತಿಸಿಯಾರು?

ಈ ಸಮಸ್ಯೆಯನ್ನು ಕನ್ನಡ ನಾಡಿನ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಮನಗಂಡಿದ್ದರು. ಚಾಲುಕ್ಯ, ಹೊಯ್ಸಳ ಕಾಲದ ದಾನ ಶಾಸನಗಳನ್ನು ನೋಡಿದರೆ ದೇವರ ನೈವೇದ್ಯ, ಅಂಗಭೋಗ, ರಂಗಭೋಗಗಳ ಜೊತೆಗೇ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವುಗಳ ದುರಸ್ತಿಗೆ ಎಂದು ಅದರ ಅರ್ಥ. ಗುಡಿ ಕಟ್ಟಿಸಿದ ದಿನವೇ ಅದು ಮುಂದೊಂದು ದಿನ ಬಿರುಕು ಬಿಡುತ್ತದೆಂದು ಒಪ್ಪಿಕೊಂಡು, ಅದಕ್ಕೆಂದೇ ಗದ್ದೆ ತೋಟಗಳ ಉತ್ಪನ್ನವನ್ನು ಬಿಟ್ಟುಕೊಡುತ್ತಿದ್ದರು. ದಾನ ಕೊಡುವುದಕ್ಕಿಂತ ಕೊಟ್ಟ ದಾನವನ್ನು ಕಾಪಾಡುವುದು ಹೆಚ್ಚಿನ ಪುಣ್ಯ ಎಂಬ ಎಚ್ಚರಿಕೆಯೂ ಅನೇಕ ಶಾಸನಗಳ ಕೊನೆಯಲ್ಲಿ ಇರುತ್ತದೆ.

ಇಂದಿನ ಭಾಷೆಯಲ್ಲಿ ಇದನ್ನು ಶಾಶ್ವತ ನಿಧಿ ಎನ್ನುತ್ತಾರೆ. ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಮಾತ್ರ ವರ್ಷ ವರ್ಷದ ದುರಸ್ತಿ ನಡೆಸುವುದು ಅದರ ಕ್ರಮ. ಹೆಸರು ಹೊಸದು, ತತ್ವ ಶಾಸನದ್ದೇ.

ಮೇರಿಗಳು ಕೊಟ್ಟ ಉಡುಗೊರೆ

ಇದೇ ತತ್ವದ ಇನ್ನೊಂದು ಉದಾಹರಣೆ ಇಂಗ್ಲೆಂಡಿನ ದಕ್ಷಿಣದ ನ್ಯೂ ಫಾರೆಸ್ಟ್ ಪ್ರದೇಶದಲ್ಲಿದೆ. ಅಲ್ಲಿನ ಲಿಂಡ್‌ಹರ್ಸ್ಟ್ ಊರಿನ ಪಕ್ಕದ ಫಾಕ್ಸ್‌ಲೀಸ್ ಎಂಬ ಬಂಗಲೆಯನ್ನು 1922ರಲ್ಲಿ ಅದರ ಒಡತಿ, ಅಮೆರಿಕದ ಶ್ರೀಮಂತ ಮನೆತನದ ಆನ್ ಆರ್ಚ್‌ಬೋಲ್ಡ್ ಸಾಂಡರ್ಸನ್, ಗರ್ಲ್ ಗೈಡ್ಸ್ ಸಂಸ್ಥೆಗೆ ದಾನವಾಗಿ ಕೊಡಲು ಮುಂದಾದರು. ಪುಕ್ಕಟೆ ಸಿಕ್ಕ ಬಂಗಲೆ. ಆದರೂ ಸಂಸ್ಥೆಯ ಮುಖಂಡರಿಗೆ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಯಿತು. ಅಷ್ಟು ದೊಡ್ಡ ಮನೆಯನ್ನು ಸಾಕುವವರು ಯಾರು?

ಅದೇ ವರ್ಷದ ಫೆಬ್ರವರಿಯಲ್ಲಿ ರಾಜಕುಮಾರಿ ಮೇರಿಯ ಮದುವೆ ನಡೆದಿತ್ತು. ಆಕೆ ಗರ್ಲ್ ಗೈಡ್ಸ್ ಸಂಸ್ಥೆಯ ಅಧ್ಯಕ್ಷೆಯೂ ಆಗಿದ್ದಳು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಮೇರಿ ಎಂಬ ಹೆಸರಿನವರೆಲ್ಲ ಸೇರಿ ಆಕೆಗೆ ಮದುವೆಯ ಉಡುಗೊರೆಯಾಗಿ ಹಣ ಕೂಡಿಸಿದ್ದರು. ಆ ಹಣದಿಂದ 6,000 ಪೌಂಡನ್ನು ರಾಜಕುಮಾರಿ ಫಾಕ್ಸ್‌ಲೀಸ್‌ಗೆ ಕೊಟ್ಟಳು. ಅದರಿಂದ ಧೈರ್ಯ ಬಂದು ಸಂಸ್ಥೆ ದಾನವನ್ನು ಸ್ವೀಕರಿಸಿತು. ಎರಡೇ ವರ್ಷದಲ್ಲಿ, 1924ರಲ್ಲಿ, ಗೈಡ್‌ಗಳ ಮೊದಲ ವಿಶ್ವ ಶಿಬಿರ ನಡೆದದ್ದು ಅಲ್ಲಿಯೇ.

ಮನೆ ಕೊಟ್ಟದ್ದು ಒಬ್ಬ ಶ್ರೀಮಂತೆ. ಆ ಮನೆಯನ್ನು ಸ್ವೀಕರಿಸುವ ಧೈರ್ಯ ತಂದುಕೊಟ್ಟದ್ದು ಊರೂರಿನ ಮೇರಿಗಳು ಕೂಡಿಸಿದ ಹಣ.

ಬೆವರಿನ ಶಿಲ್ಲಿಂಗ್

ದೊಡ್ಡ ದಾನಿ ಪ್ರತಿ ವರ್ಷ ಸಿಗುವುದಿಲ್ಲ. ಹಾಗಾಗಿ ಸ್ಕೌಟ್ ಮತ್ತು ಗೈಡ್ ಸಂಸ್ಥೆಗಳು ಸಣ್ಣ ಹಣದ ದಾರಿಗಳನ್ನು ಕಂಡುಕೊಂಡವು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಬ್ರಿಟನ್ನಿನ 'ಬಾಬ್ ಎ ಜಾಬ್'. ಬಾಬ್ ಎಂದರೆ ಆಡುಮಾತಿನಲ್ಲಿ ಶಿಲ್ಲಿಂಗ್. 1949ರಿಂದ ಪ್ರತಿ ವರ್ಷ ಈಸ್ಟರ್ ಸಮಯದ ಒಂದು ವಾರ ಸ್ಕೌಟ್ ಹುಡುಗರು ಮನೆ ಮನೆಯ ಬಾಗಿಲು ತಟ್ಟುತ್ತಿದ್ದರು. ಬೂಟು ಒರೆಸುವುದು, ಕಿಟಕಿ ತೊಳೆಯುವುದು, ಕಾರು ತೊಳೆಯುವುದು, ಹುಲ್ಲು ಕತ್ತರಿಸುವುದು, ಹೀಗೆ ಹೇಳಿದ ಕೆಲಸ ಮಾಡಿ ಒಂದು ಶಿಲ್ಲಿಂಗ್ ಪಡೆದು ಸಂಸ್ಥೆಗೆ ಒಪ್ಪಿಸುತ್ತಿದ್ದರು. 1971ರಲ್ಲಿ ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾದಾಗ ಶಿಲ್ಲಿಂಗೇ ಹೋಯಿತು. ಅಪರಿಚಿತರ ಮನೆಗೆ ಮಕ್ಕಳನ್ನು ಕಳಿಸುವ ಭಯವೂ ಬೆಳೆಯಿತು. 1990ರ ದಶಕದಲ್ಲಿ ಆ ಪದ್ಧತಿ ನಿಂತಿತು. 2012ರಲ್ಲಿ ಅದು ಸಮುದಾಯ ಸೇವೆಯ ರೂಪದಲ್ಲಿ ಮರಳಿತು.

ಭಾರತದ ಸ್ಕೌಟ್ ಮತ್ತು ಗೈಡ್‌ಗಳಲ್ಲಿ ಇದರ ಸೋದರ ಪದ್ಧತಿ 'ಖರಿ ಕಮಾಯಿ'. ಹಿಂದಿಯ ಈ ಮಾತಿಗೆ ಪ್ರಾಮಾಣಿಕ ಗಳಿಕೆ ಎಂದು ಅರ್ಥ. ಬೇಡಿ ತರುವುದಲ್ಲ, ದುಡಿದು ತರುವುದು. ಇದರ ತಿರುಳು ಹಣದ ಮೊತ್ತದಲ್ಲಿಲ್ಲ. ತಾನು ಕಾರು ತೊಳೆದು ಗಳಿಸಿದ ನಾಣ್ಯ ಶಿಬಿರದ ಒಂದು ಹೆಂಚಾಯಿತೆಂದು ತಿಳಿದ ಹುಡುಗ ಆ ಮಾಡಿನ ಮೇಲೆ ಕಲ್ಲೆಸೆಯುವುದಿಲ್ಲ.

ಗೈಡ್‌ಗಳದು ಇನ್ನೊಂದು ದಾರಿ. 1932ರಲ್ಲಿ ಪೋಲೆಂಡಿನಲ್ಲಿ ನಡೆದ ಅವರ ವಿಶ್ವ ಸಮ್ಮೇಳನದಲ್ಲಿ ಬೆಲ್ಜಿಯಂ ಪ್ರತಿನಿಧಿಯೊಬ್ಬರು ಒಂದು ಸರಳ ಸಲಹೆ ಇಟ್ಟರು. ಫೆಬ್ರವರಿ 22, ಬೇಡನ್ ಪೊವೆಲ್ ದಂಪತಿಗಳಿಬ್ಬರ ಹುಟ್ಟುಹಬ್ಬ, ಆಗಲೇ ಸ್ಮರಣೆಯ ದಿನವಾಗಿ ಆಚರಣೆಯಲ್ಲಿತ್ತು. ಹುಟ್ಟುಹಬ್ಬವೆಂದ ಮೇಲೆ ಉಡುಗೊರೆಯೂ ಇರಬೇಕಲ್ಲವೇ ಎಂದು ಅವರು ಕೇಳಿದರು. ಅಲ್ಲಿಂದ ಹುಡುಗಿಯರು ಅಂದು ಒಂದೊಂದು ಸಣ್ಣ ನಾಣ್ಯ ಕೊಡುವ ರೂಢಿ ಬಂತು. ಪುಣೆಯಲ್ಲಿ 1966ರಲ್ಲಿ ತೆರೆದ 'ಸಂಗಂ' ಎಂಬ ಗೈಡ್‌ಗಳ ವಿಶ್ವ ಕೇಂದ್ರ ಸೇರಿದಂತೆ ಹಲವು ದೇಶಗಳ ಗೈಡ್‌ಗಳು ಈ ದಿನವನ್ನು ಆಚರಿಸುತ್ತಾರೆ.

ಇನ್ನು ಶ್ರಮದಾನ. ಗಿಲ್ವೆಲ್‌ನ ಹಂದಿಗೂಡಿನಲ್ಲಿ ಮಲಗಿದ ತರುಣರು ಒಂದು ಪೌಂಡೂ ಕೊಡಲಿಲ್ಲ. ಆದರೆ ಅವರು ಮತ್ತು ಅವರಂಥವರು ಕೊಟ್ಟ ದುಡಿಮೆಯಿಂದಾಗಿ ಅದೇ ವರ್ಷ ಜುಲೈ 26ಕ್ಕೆ ಶಿಬಿರ ವಿಧ್ಯುಕ್ತವಾಗಿ ತೆರೆಯಿತು. ಸೆಪ್ಟೆಂಬರ್ 8ಕ್ಕೆ ಮೊದಲ 'ವುಡ್ ಬ್ಯಾಡ್ಜ್' ತರಬೇತಿ ಆರಂಭವಾಯಿತು. ಸ್ಕೌಟ್ ಶಿಕ್ಷಕರ ಈ ಉನ್ನತ ತರಬೇತಿಯನ್ನೇ ಭಾರತದಲ್ಲಿ 'ಹಿಮಾಲಯ ವುಡ್ ಬ್ಯಾಡ್ಜ್' ಎನ್ನುತ್ತಾರೆ.

ನಿಧಿ ಕೂಡುವ ಬಗೆ

ಇಂದು ಹಳೆಯ ಶಿಬಿರವೊಂದರ ನವೀಕರಣಕ್ಕೆ ಹಣ ಎತ್ತುವ ಕೆಲಸ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದರ ಮೊದಲ ಹೆಜ್ಜೆ ಹಣ ಕೇಳುವುದಲ್ಲ, ಪಟ್ಟಿ ಮಾಡುವುದು. ಎಂಜಿನಿಯರ್ ಒಬ್ಬರು ಪ್ರತಿ ಕಟ್ಟಡವನ್ನೂ ನೋಡಿ ತಕ್ಷಣ ಆಗಬೇಕಾದದ್ದು, ಎರಡು ಮೂರು ವರ್ಷ ತಡೆಯುವಂಥದ್ದು, ಆದರೆ ಒಳ್ಳೆಯದು ಎನ್ನುವಂಥದ್ದು ಎಂದು ವಿಂಗಡಿಸುತ್ತಾರೆ. ಕುಡಿಯುವ ನೀರು, ಶೌಚಾಲಯ, ವಿದ್ಯುತ್, ಮಾಡು, ಇವು ಮೊದಲ ಸಾಲಿನವು. ರಂಗಮಂಟಪ, ಹೆಬ್ಬಾಗಿಲುಗಳ ಸರದಿ ಆಮೇಲೆ. ದಾನಿಗಳ ಮನಸ್ಸು ಮಾತ್ರ ಇದಕ್ಕೆ ತಿರುಗುಮುರುಗಾಗಿ ಓಡುವುದರಿಂದ, ಪಟ್ಟಿ ಬರಹದಲ್ಲಿದ್ದರೆ ಸಂಸ್ಥೆಗೆ ಒಂದು ಹಿಡಿತ ಇರುತ್ತದೆ.

ಎರಡನೆಯ ಹೆಜ್ಜೆ ಸದ್ದಿಲ್ಲದೆ ನಡೆಯುತ್ತದೆ. ಸಾರ್ವಜನಿಕರ ಮುಂದೆ ಹೋಗುವ ಮೊದಲೇ ಸಂಸ್ಥೆಯ ಪದಾಧಿಕಾರಿಗಳು, ಹತ್ತಿರದ ಕೆಲವು ದೊಡ್ಡ ದಾನಿಗಳು ತಮ್ಮ ಪಾಲು ಕೊಡುತ್ತಾರೆ. ಗುರಿಯ ಅರ್ಧದಷ್ಟು ಹಣ ಕೈಗೆ ಬಂದ ಮೇಲೆಯೇ ಬಹಿರಂಗ ಮನವಿ. ಬರಿಗೈ ತೋರಿಸಿ ಕೇಳಿದರೆ ಜನ ಅನುಮಾನಿಸುತ್ತಾರೆ, ಅರ್ಧ ತುಂಬಿದ ಕೊಡವನ್ನು ತುಂಬಿಸಲು ಮುಂದೆ ಬರುತ್ತಾರೆ. ನಮ್ಮ ಊರುಗಳಲ್ಲಿ ಜಾತ್ರೆಯ ಚಂದಾಪಟ್ಟಿಯ ಮೊದಲ ಸಾಲನ್ನು ಊರಿನ ಯಜಮಾನರಿಂದ ಬರೆಸುವುದೂ ಇದೇ ಲೆಕ್ಕಾಚಾರದಿಂದ.

ಮೂರನೆಯದು ಜೋಡಿ ದಾನ. ಜನ ಕೊಡುವ ಪ್ರತಿ ರೂಪಾಯಿಗೆ ತಾನೊಂದು ರೂಪಾಯಿ ಸೇರಿಸುವುದಾಗಿ ದಾನಿಯೊಬ್ಬರು ಮಾತು ಕೊಡುತ್ತಾರೆ. ಹೀಗಾದಾಗ ಸಣ್ಣ ದಾನಿಗೂ ತನ್ನ ಹತ್ತು ರೂಪಾಯಿ ಇಪ್ಪತ್ತಾದ ಸಮಾಧಾನ.

ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ದೊಡ್ಡದು, ಹಳೆಯ ಶಿಬಿರಾರ್ಥಿಗಳು. ಹತ್ತು ವರ್ಷದವರಾಗಿದ್ದಾಗ ಬೆಂಕಿಯ ಸುತ್ತ ಕುಳಿತವರು ಐವತ್ತರ ವಯಸ್ಸಿನಲ್ಲಿ ಅದೇ ಜಾಗಕ್ಕೆ ಬಂದಾಗ ಅವರ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೆ ಅವರ ವಿಳಾಸ ಸಂಸ್ಥೆಯ ಬಳಿ ಇರಬೇಕು. ಹಾಜರಿ ಪುಸ್ತಕಗಳನ್ನು ಗೆದ್ದಲಿಗೆ ಬಿಟ್ಟ ಶಿಬಿರ ತನ್ನ ಖಜಾನೆಯನ್ನೇ ಗೆದ್ದಲಿಗೆ ಬಿಟ್ಟಂತೆ.

ಕೊನೆಯದು, ಮೇಲೆ ಹೇಳಿದ ಶಾಶ್ವತ ನಿಧಿ. ಕೂಡಿದ ಹಣದ ಒಂದು ಪಾಲನ್ನು ಖರ್ಚು ಮಾಡದೆ ಎತ್ತಿಡದಿದ್ದರೆ ಇಪ್ಪತ್ತು ವರ್ಷದ ನಂತರ ಅದೇ ಮನವಿಪತ್ರವನ್ನು ಮತ್ತೆ ಅಚ್ಚು ಹಾಕಿಸಬೇಕಾಗುತ್ತದೆ.

ಐದು ಶಿಬಿರಗಳ ಮಾರಾಟ

ಇಷ್ಟೆಲ್ಲ ಅನುಭವವಿದ್ದೂ ಶಿಬಿರಗಳು ಕೈತಪ್ಪುತ್ತಲೇ ಇವೆ. 2023ರ ಮೇ ತಿಂಗಳಲ್ಲಿ ಬ್ರಿಟನ್ನಿನ ಗೈಡ್ ಸಂಸ್ಥೆ ತನ್ನ ಐದು ಶಿಬಿರ ಕೇಂದ್ರಗಳನ್ನು ಮುಚ್ಚಿ ಮಾರುವ ನಿರ್ಧಾರ ಪ್ರಕಟಿಸಿತು. ಅವುಗಳಲ್ಲಿ ಒಂದು, ನೂರು ವರ್ಷ ದಾಟಿದ್ದ ಫಾಕ್ಸ್‌ಲೀಸ್.

ಸಂಸ್ಥೆ ಕೊಟ್ಟ ಕಾರಣಗಳನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕೇಂದ್ರಗಳ ದುರಸ್ತಿಗೆ ಭಾರಿ ಬಂಡವಾಳ ಬೇಕಿತ್ತು. ಅವುಗಳನ್ನು ಬಳಸುತ್ತಿದ್ದವರು ವರ್ಷಕ್ಕೆ ಸದಸ್ಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಮಾತ್ರ. ಎಲ್ಲ ಹುಡುಗಿಯರ ಚಂದಾಹಣವನ್ನು ಕೆಲವರು ಮಾತ್ರ ಹೋಗುವ ಜಾಗಕ್ಕೆ ಸುರಿಯುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ. ವಿರೋಧಿಸಿ ಸಾವಿರಾರು ಜನ ಸಹಿ ಹಾಕಿದರು. ಅವರ ಮಾತೂ ಬೇರೆ ದಿಕ್ಕಿನಿಂದ ಸರಿಯೇ ಆಗಿತ್ತು. ಬಾಡಿಗೆಗೆ ಜಾಗ ಇಂದು ಸಿಗಬಹುದು, ನಾಳೆಯ ಬಾಡಿಗೆಯನ್ನು ನಿಗದಿ ಮಾಡುವವರು ಬೇರೆಯವರು. ಮಾರಿದ ಕಾಡುಭೂಮಿಯನ್ನು ಯಾವ ನಿಧಿಯಿಂದಲೂ ಮರಳಿ ಕೊಳ್ಳುವುದು ಕಷ್ಟ.

ಸ್ಕೌಟ್ ಸಂಸ್ಥೆಯ ಪಾಡೂ ಭಿನ್ನವಾಗಿರಲಿಲ್ಲ. 1961ರಲ್ಲಿ ಲಂಡನ್ನಿನಲ್ಲಿ ತೆರೆದಿದ್ದ ಬೇಡನ್ ಪೊವೆಲ್ ಹೌಸ್ ಎಂಬ ತನ್ನ ವಸತಿ ಭವನವನ್ನು ಕೊರೊನಾ ಕಾಲದ ಮುಗ್ಗಟ್ಟಿನಲ್ಲಿ ಅದು ಮಾರಾಟಕ್ಕಿಡಬೇಕಾಯಿತು.

ಎರಡೂ ಕಡೆಯ ವಾದ ಕೇಳಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾರಾಟದ ತೀರ್ಮಾನ ಆಗುವುದು ಸಭೆಯ ದಿನದಂದಲ್ಲ, ದುರಸ್ತಿಯನ್ನು ಮೊದಲ ಸಲ ಮುಂದೂಡಿದ ದಿನ. ಮುಂದೂಡಿದ ರಿಪೇರಿ ಬಡ್ಡಿಯ ಸಾಲದಂತೆ ಬೆಳೆಯುತ್ತದೆ. ಅದು ಆಸ್ತಿಯ ಬೆಲೆಯನ್ನು ಮುಟ್ಟಿದಾಗ ಮಾರುವುದೇ ಬುದ್ಧಿವಂತಿಕೆಯಾಗಿ ಕಾಣತೊಡಗುತ್ತದೆ.

ಕರ್ನಾಟಕದಲ್ಲೂ ಮಕ್ಕಳಿಗಾಗಿ ಕಾಯಂ ಶಿಬಿರ ತಾಣಗಳಿವೆ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕ್, ಹರಿಹರ ಸಮೀಪದ ಕೊಂಡಜ್ಜಿಯ ಸ್ಕೌಟ್ ಶಿಬಿರ ಕೇಂದ್ರಗಳನ್ನು ತಲೆಮಾರುಗಳ ವಿದ್ಯಾರ್ಥಿಗಳು ಬಲ್ಲರು. ಮನೆ ಬಿಟ್ಟು ಮೊದಲ ರಾತ್ರಿ ಕಳೆದದ್ದು, ಮೊದಲ ಸಲ ತಾವೇ ಅನ್ನ ಬೇಯಿಸಿ ತಳ ಹತ್ತಿಸಿದ್ದು ಇಂಥ ಜಾಗಗಳಲ್ಲೇ. ನಗರಗಳು ಬೆಳೆದು ಆಟದ ಬಯಲು ಕರಗುತ್ತಿರುವಾಗ, ಈಸ್ಟ್ ಎಂಡ್ ಹುಡುಗರಿಗೆ ಅಂದು ಇದ್ದ ಕೊರತೆ ಇಂದು ಬೆಂಗಳೂರಿನ ಎಷ್ಟೋ ಮಕ್ಕಳಿಗೂ ಇದೆ. ಇರುವ ಜಾಗವನ್ನು ಉಳಿಸಿಕೊಳ್ಳುವುದು ಹೊಸದನ್ನು ಕೊಳ್ಳುವುದಕ್ಕಿಂತ ಯಾವಾಗಲೂ ಅಗ್ಗ.

ಕೊರಳ ಹಿಂದಿನ ತುಂಡು ಬಟ್ಟೆ

ಮ್ಯಾಕ್ಲಾರೆನ್ 1921ರಲ್ಲಿ ತೀರಿಕೊಂಡರು. ಗಿಲ್ವೆಲ್ ಮುಂದೆ ಪಡೆದ ಕೀರ್ತಿಯನ್ನು ಅವರು ಕಾಣಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರ ಆ ಜಾಗವನ್ನು ವಶಕ್ಕೆ ಪಡೆಯಿತು. ಬಾಂಬ್ ಬಿದ್ದು ಆದ ಗುಂಡಿಯನ್ನು ಸ್ಕೌಟರು ಮುಚ್ಚಲಿಲ್ಲ, ನೀರು ತುಂಬಿದ ಆ ಗುಂಡಿ ಮಕ್ಕಳು ದೋಣಿ ಹುಟ್ಟು ಹಾಕುವ ಕೊಳವಾಯಿತು. 2001ರಲ್ಲಿ ಸಂಸ್ಥೆಯ ಕೇಂದ್ರ ಕಚೇರಿಯೇ ಲಂಡನ್ನಿನಿಂದ ಅಲ್ಲಿಗೆ ಬಂತು.

ದಾನಿಯ ನೆನಪಿಗೆ ಸ್ಕೌಟರು ಮಾಡಿದ್ದು ಒಂದು ಸಣ್ಣ ಕೆಲಸ. ಸ್ಕಾಟ್ಲೆಂಡಿನ ಒಂದೊಂದು ಮನೆತನಕ್ಕೂ ಅದರದೇ ಆದ ಬಣ್ಣದ ಚೌಕುಳಿ ಬಟ್ಟೆಯಿದೆ. ಗಿಲ್ವೆಲ್ ತರಬೇತಿ ಮುಗಿಸಿದವರ ಸ್ಕಾರ್ಫನ್ನು ಮೊದಮೊದಲು ಇಡಿಯಾಗಿ ಮ್ಯಾಕ್ಲಾರೆನ್ ಮನೆತನದ ಚೌಕುಳಿ ಬಟ್ಟೆಯಲ್ಲೇ ಹೊಲಿಸಿದರು. ಅದು ದುಬಾರಿಯಾಯಿತು. ಹಣ ಉಳಿಸಲು ಸಾದಾ ಬಟ್ಟೆಯ ಸ್ಕಾರ್ಫ್ ಮಾಡಿ, ಬೆನ್ನಿನ ಮೂಲೆಗೆ ಅಂಗೈ ಅಗಲದ ಚೌಕುಳಿ ತುಂಡೊಂದನ್ನು ಹೊಲಿದರು. ಅಂದಿನಿಂದ ಇಂದಿನವರೆಗೆ ಹಲವು ದೇಶಗಳ ಸ್ಕೌಟ್ ಶಿಕ್ಷಕರು ಆ ತುಂಡನ್ನು ಧರಿಸುತ್ತಿದ್ದಾರೆ.

ಧರಿಸಿದವರಿಗೆ ಅದು ಕಾಣುವುದಿಲ್ಲ, ಹಿಂದೆ ನಡೆಯುವವರಿಗೆ ಕಾಣುತ್ತದೆ. ದುರಸ್ತಿಗೆ ಕೊಟ್ಟ ಹಣದ ಗುಣವೂ ಹಾಗೆಯೇ. ಮಳೆ ಬಂದ ರಾತ್ರಿ ಬೆಚ್ಚಗೆ ಮಲಗಿದ ಮಗುವಿಗೆ ಮಾಡು ಸೋರದಿರುವುದು ಗಮನಕ್ಕೇ ಬರುವುದಿಲ್ಲ. ಮೂರು ಸಾವಿರ ಪೌಂಡ್ ಕೊಟ್ಟಾಗ ಮ್ಯಾಕ್ಲಾರೆನ್ ಕೊಂಡದ್ದು ಅಂಥ ರಾತ್ರಿಗಳನ್ನು.